ಅಲ್ಲಿಗೇ ಹೋಗಿ ಕೇಳಬೇಕಾದ ದನಿ

ಲಂಡನ್ ಮಹಾನಗರದ ಪೂರ್ವಭಾಗದಲ್ಲಿ ವೈಟ್‌ಚಾಪೆಲ್ ಎಂಬ ಬಡಾವಣೆಯಿದೆ. ಹೊಟ್ಟೆಯ ಪಾಡಿಗಾಗಿ ಕಡಲು ದಾಟಿ ಬಂದವರು ಮೊದಲು ಕಾಲೂರಿದ ನೆಲವದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವ ಯೂರೋಪಿನಿಂದ ಓಡಿಬಂದ ಯೆಹೂದ್ಯರು, ಅನಂತರ ಬಂಗಾಳದ ಸಿಲ್ಹೆಟ್ ಸೀಮೆಯವರು, ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು ಅಲ್ಲಿ ಒಲೆ ಹೂಡಿದರು. 1892ರಲ್ಲಿ ಆ ಬಡಾವಣೆಯ ದೊಡ್ಡ ಬೀದಿಯ ಮಗ್ಗುಲಲ್ಲಿ ಒಂದು ಸಾರ್ವಜನಿಕ ಪುಸ್ತಕಾಲಯ ತೆರೆಯಿತು. ಮನೆಯಲ್ಲಿ ಕುಳಿತು ಓದಲು ಒಂದು ಮೂಲೆಯೂ ಇಲ್ಲದ ಹುಡುಗರು ಅಲ್ಲಿಯ ಬೆಳಕಿನಲ್ಲಿ ಓದಿದರು. ಅವರಲ್ಲಿ ಕವಿಗಳಾದವರೂ ಉಂಟು, ವಿಜ್ಞಾನಿಗಳಾದವರೂ ಉಂಟು. ಬಡಕೇರಿಯ ವಿಶ್ವವಿದ್ಯಾಲಯವೆಂದೇ ಅದಕ್ಕೆ ಹೆಸರು ಬಂದಿತು.

1999ರ ಬೇಸಗೆಯಲ್ಲಿ ಆ ಪುಸ್ತಕಾಲಯಕ್ಕೆ ಹೋದವರಿಗೆ ಪುಸ್ತಕವಲ್ಲದೆ ಇನ್ನೊಂದು ವಸ್ತುವೂ ಎರವಲು ದೊರೆಯುತ್ತಿತ್ತು. ಅಂಗೈಗಿಂತ ತುಸು ದೊಡ್ಡದಾದ, ತಟ್ಟೆ ತಿರುಗಿಸಿ ಹಾಡು ಕೇಳಿಸುವ ಒಂದು ಯಂತ್ರ. ಅದಕ್ಕೆ ಕಟ್ಟಿದ ಒಂದು ಜೊತೆ ಹೆಡ್‌ಫೋನು. ಅದನ್ನು ಕಿವಿಗೇರಿಸಿಕೊಂಡು ಪತ್ತೇದಾರಿ ಕಾದಂಬರಿಗಳ ಕಪಾಟಿನ ಮುಂದೆ ನಿಂತು ಗುಂಡಿಯೊತ್ತಬೇಕು. ಕೂಡಲೇ ಒಬ್ಬ ಹೆಂಗಸಿನ ದನಿ, ಬೆನ್ನ ಹಿಂದೆಯೇ ನಿಂತು ಪಿಸುಗುಟ್ಟಿದಂತೆ, ಕಿವಿಯ ಬಳಿ ಮಾತನಾಡತೊಡಗುತ್ತಿತ್ತು. ವೃತ್ತಪತ್ರಿಕೆಯ ಹಾಳೆ ಮಗುಚಿದ ಸದ್ದು ಕೇಳಿಸುತ್ತಿತ್ತು. ಮಗ್ಗುಲಲ್ಲಿ ಯಾರೋ ಪುಸ್ತಕವೊಂದನ್ನು ತೆಗೆದು, ಪುಟಗಳನ್ನು ಬೆರಳಾಡಿಸಿ, ಮತ್ತೆ ಇಟ್ಟ ಸದ್ದು. ಕೇಳುವವರು ಥಟ್ಟನೆ ತಿರುಗಿ ನೋಡುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಆಮೇಲೆ ದನಿ ಅವರನ್ನು ಹೊರಗೆ ಕರೆದೊಯ್ಯುತ್ತಿತ್ತು. ತನ್ನ ಹೆಜ್ಜೆಯ ಸಪ್ಪಳಕ್ಕೆ ಹೆಜ್ಜೆ ಕೂಡಿಸಲು ಹೇಳುತ್ತಿತ್ತು. ಇಲ್ಲಿ ತಿರುಗು, ಅಲ್ಲಿ ದಾಟು ಎನ್ನುತ್ತಿತ್ತು. ನಡುನಡುವೆ ಕಾಣೆಯಾದ ಒಬ್ಬ ಹೆಂಗಸಿನ ಮಾತು, ಅವಳನ್ನು ಹುಡುಕುವ ಪತ್ತೇದಾರನ ಮಾತು, ತುಂಡುತುಂಡಾಗಿ. ಕಥೆಯ ತಲೆಬುಡ ಒಂದೂ ನೆಟ್ಟಗೆ ಸಿಕ್ಕದು. ಸಂದಿಗೊಂದಿಗಳನ್ನು ಹಾಯ್ದು ಕೊನೆಗೆ ಲಿವರ್‌ಪೂಲ್ ಸ್ಟ್ರೀಟ್ ಎಂಬ ರೈಲು ನಿಲ್ದಾಣದ ಜನಜಂಗುಳಿಯ ನಡುವೆ ಅವರನ್ನು ನಿಲ್ಲಿಸಿ ದನಿ ತಾನು ಸುಮ್ಮನಾಗಿಬಿಡುತ್ತಿತ್ತು. ಯಂತ್ರವನ್ನು ಹಿಂದಿರುಗಿಸಲು, ಬಂದಷ್ಟೇ ದೂರವನ್ನು ಈಗ ಯಾರ ಜೊತೆಯೂ ಇಲ್ಲದೆ ನಡೆದು ಬರಬೇಕು. ಆ ಮರಳುನಡಿಗೆಯಲ್ಲಿ ಬೀದಿ ಮೊದಲಿನಂತೆ ಕಾಣಿಸದಿದ್ದರೆ ಆಶ್ಚರ್ಯವೇನು?

ಈ ಕೃತಿಯ ಹೆಸರು ‘ಕಾಣೆಯಾದ ದನಿ’. ಮಾಡಿದಾಕೆ ಕೆನಡಾ ದೇಶದ ಜ್ಯಾನೆಟ್ ಕಾರ್ಡಿಫ್; ಮಾಡಿಸಿದ್ದು ಲಂಡನ್ನಿನ ಆರ್ಟ್‌ಏಂಜೆಲ್ ಎಂಬ ಕಲಾಸಂಸ್ಥೆ. ಇದು ನಾಟಕವೇ? ಅಲ್ಲ, ನಟರಿಲ್ಲ. ಸಂಗೀತವೇ? ಅದೂ ಪೂರ್ತಿ ಅಲ್ಲ. ರೇಡಿಯೋ ಕಥೆಯೆನ್ನೋಣವೆಂದರೆ, ಮನೆಯ ಕುರ್ಚಿಯಲ್ಲಿ ಕುಳಿತು ಇದನ್ನು ಕೇಳುವುದು ಎಲೆಯ ಮುಂದೆ ಕುಳಿತು ಅಡುಗೆಯ ಪಟ್ಟಿಯನ್ನು ಓದಿಸಿಕೊಂಡಂತೆ. ಬೀದಿ ಬೇಕು, ಕಾಲು ಬೇಕು, ಆ ಹೊತ್ತಿನ ಬಿಸಿಲೋ ಮಳೆಯೋ ಬೇಕು. ಕಳೆದ ಕೆಲವು ದಶಕಗಳಲ್ಲಿ ಪಶ್ಚಿಮ ದೇಶಗಳಲ್ಲಿ ಬೆಳೆದುಬಂದಿರುವ ಈ ಬಗೆಯ ಕಲೆಗೆ ಕೈಯಲ್ಲಿ ಹಿಡಿದು ನಡೆಯಬಹುದಾದ ಯಂತ್ರವೇ ಆಧಾರ. ಮೊದಲು ಟೇಪು, ಆಮೇಲೆ ತಟ್ಟೆ, ಈಗ ಎಲ್ಲರ ಜೇಬಿನಲ್ಲಿಯೂ ಇರುವ ಮೊಬೈಲು.

ಇದರ ಸ್ವಾರಸ್ಯ ತಿಳಿಯಬೇಕಾದರೆ ಒಂದು ಸಂಗತಿಯನ್ನು ನೆನೆಯಬೇಕು. ನೂರೈವತ್ತು ವರ್ಷಗಳ ಕೆಳಗೆ ಜಗತ್ತಿನ ಪ್ರತಿಯೊಂದು ಸದ್ದಿಗೂ ಒಂದು ಊರಿತ್ತು. ಗುಡಿಯ ಗಂಟೆ ಗುಡಿಯಲ್ಲಿಯೇ ಬಾರಿಸಬೇಕು. ಹೂವಾಡಗಿತ್ತಿಯ ಕೂಗು ಅವಳು ನಡೆಯುವ ಬೀದಿಯಲ್ಲಿಯೇ ಕೇಳಬೇಕು. ವಿಜಯಪುರದ ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ಈಚೆಗೆ ನಿಂತು ಉಸುರಿದ ಮಾತು ಆಚೆಯ ಗೋಡೆಗೆ ಕಿವಿಗೊಟ್ಟವನಿಗೆ ಕೇಳಿಸುತ್ತದೆ. ಅದನ್ನು ಕೇಳಬೇಕೆನ್ನುವವನು ವಿಜಯಪುರಕ್ಕೇ ಹೋಗಬೇಕು, ಮೆಟ್ಟಿಲು ಹತ್ತಲೇಬೇಕು. 1877ರಲ್ಲಿ ಎಡಿಸನ್ನನು ಧ್ವನಿಲೇಖನ ಯಂತ್ರವನ್ನು ಕಟ್ಟಿದ ದಿನದಿಂದ ಈ ನಂಟು ಸಡಿಲವಾಯಿತು. ಸತ್ತವರ ದನಿ ಬದುಕಿದವರ ನಡುಮನೆಗೆ ಬಂದಿತು. ಕಡಲಾಚೆಯ ಹಾಡು ಹಿತ್ತಿಲಲ್ಲಿ ಕೇಳಿಸಿತು. ಲಾಭವೇನೋ ದೊಡ್ಡದೇ. ಆದರೆ ಎಲ್ಲ ಸದ್ದೂ ಎಲ್ಲೆಲ್ಲಿಯೂ ದೊರೆಯತೊಡಗಿದಾಗ ಯಾವ ಜಾಗದ ಸದ್ದನ್ನೂ ನಿಂತು ಕೇಳುವ ಅಭ್ಯಾಸ ತಪ್ಪಿತು.

ಈ ಬೇರ್ಪಡೆಗೆ ಕಳಶವಿಟ್ಟಿದ್ದು ಜಪಾನಿನ ವಾಕ್‌ಮನ್. 1979ರ ಜುಲೈ 1ರಂದು ಸೋನಿ ಕಂಪನಿ ಮಾರುಕಟ್ಟೆಗೆ ತಂದ ಈ ಚಿಕ್ಕ ಟೇಪ್ ಯಂತ್ರದ ಹುಟ್ಟಿನ ಹಿಂದೆ ಒಂದು ಗೃಹಸ್ಥ ಪ್ರಸಂಗವಿದೆ. ಕಂಪನಿಯ ಅಧಿಪತಿ ಅಕಿಯೋ ಮೊರಿಟಾ ಮಾದರಿ ಯಂತ್ರವೊಂದನ್ನು ಮನೆಗೆ ಒಯ್ದು ಕಿವಿಗೇರಿಸಿಕೊಂಡು ಸಂಗೀತದಲ್ಲಿ ಮೈಮರೆತನಂತೆ. ಸ್ವಲ್ಪ ಹೊತ್ತಿಗೆ ಮಡದಿಯ ಮುಖ ನೋಡಿದಾಗ ಆಕೆ ಸಿಡುಕುತ್ತಿರುವುದು ತಿಳಿಯಿತು. ಗಂಡ ಎದುರಿಗೇ ಇದ್ದಾನೆ, ಆದರೆ ತಾನು ಹೊರಗೆ! ಮೊರಿಟಾ ಮರುವಾರವೇ ಯಂತ್ರಕ್ಕೆ ಇಬ್ಬರು ಕೇಳುವಂತೆ ಎರಡು ರಂಧ್ರಗಳನ್ನು ಇಡಿಸಿದ. ಆಮೇಲೆ ಮೋಟಾರಿನಲ್ಲಿ ಒಬ್ಬ ಕಾದಂಬರಿಕಾರ ಮಿತ್ರನೊಡನೆ ಹೋಗುತ್ತಿದ್ದಾಗ, ಇಬ್ಬರ ಕಿವಿಯೂ ಮುಚ್ಚಿದ್ದರಿಂದ ಒಂದು ಮಾತನ್ನೂ ಆಡಲಾಗದೆ ಹೋಯಿತು; ಆದ್ದರಿಂದ ಒತ್ತಿದರೆ ಸಂಗೀತ ತಗ್ಗಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ಗುಂಡಿಯೊಂದು ಸೇರಿತು. ಹೀಗೆ ವಾಕ್‌ಮನ್ ಹುಟ್ಟುವಾಗ ದಂಪತಿಗಳ ಯಂತ್ರ, ಗೆಳೆಯರ ಯಂತ್ರ. ಕೊಂಡವರು ಮಾತ್ರ ಹಂಚಿಕೊಳ್ಳಲಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಬೇಕಾಯಿತು. ಎರಡನೆಯ ರಂಧ್ರವೂ ಆ ಗುಂಡಿಯೂ ಮುಂದಿನ ಮಾದರಿಗಳಲ್ಲಿ ಉಳಿಯಲಿಲ್ಲ. ಇಂದಿನ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಆಚೆ ನೋಡದೆ ಕುಳಿತಿರುವ ನಲವತ್ತು ಮಂದಿಯ ವಂಶವೃಕ್ಷ ಇಲ್ಲಿಂದ ಹೊರಡುತ್ತದೆ.

ಮನುಷ್ಯನನ್ನು ಜಾಗದಿಂದ ಕಿತ್ತ ಈ ಯಂತ್ರವನ್ನೇ ಹಿಡಿದು ಅವನನ್ನು ಜಾಗಕ್ಕೆ ಮತ್ತೆ ಕಟ್ಟಬಹುದೇ? ಕಾರ್ಡಿಫ್‌ಗೆ ಈ ಉಪಾಯ ಹೊಳೆದದ್ದು ಒಂದು ಕೈತಪ್ಪಿನಿಂದ. 1991ರಲ್ಲಿ ಕೆನಡಾದ ಬ್ಯಾನ್ಫ್ ಎಂಬ ಬೆಟ್ಟದೂರಿನಲ್ಲಿ ಆಕೆ ಟೇಪ್ ರೆಕಾರ್ಡರ್ ಹಿಡಿದು ಸಮಾಧಿಭೂಮಿಯಲ್ಲಿ ಅಡ್ಡಾಡುತ್ತ, ಕಂಡದ್ದನ್ನು ಬಾಯಿಂದ ಹೇಳಿ ದಾಖಲಿಸುತ್ತಿದ್ದಳು. ಬೆರಳು ತಪ್ಪಿ ಟೇಪು ಹಿಂದಕ್ಕೆ ಓಡಿತು. ಎಲ್ಲಿಗೆ ನಿಂತಿತ್ತೆಂದು ನೋಡಲು ಕೇಳಿಸಿಕೊಂಡರೆ, ತನ್ನದೇ ಉಸಿರು, ತನ್ನದೇ ಹೆಜ್ಜೆ, ಈಗ ತಾನೇ ಕಣ್ಣೆದುರಿಗೆ ಇರುವುದನ್ನು ಬಣ್ಣಿಸುತ್ತಿರುವ ತನ್ನದೇ ಮಾತು! ಆಕೆ ಆ ದನಿಯ ಹಿಂದೆ ನಡೆಯತೊಡಗಿದಳು. ಸ್ವಲ್ಪ ಹೊತ್ತಿನ ಕೆಳಗೆ ಅದೇ ದಾರಿಯಲ್ಲಿ ಹೋದ ತನ್ನನ್ನು ತಾನೇ ಹಿಂಬಾಲಿಸಿದಂತೆ. ಅದೇ ವರ್ಷ ‘ಕಾಡಿನ ನಡಿಗೆ’ ಎಂಬ ಹನ್ನೆರಡು ನಿಮಿಷದ ಮೊದಲ ಕೃತಿ ಸಿದ್ಧವಾಯಿತು. ಅದನ್ನು ಆಗ ಕೇಳಿದವರು ಬೆರಳೆಣಿಕೆಯ ಮಂದಿ.

ಬೆನ್ನ ಹಿಂದೆ ಯಾರೋ ಇದ್ದಾರೆಂಬ ಭ್ರಾಂತಿ ಹುಟ್ಟುವುದು ಹೇಗೆ? ಅದರಲ್ಲಿ ಮಂತ್ರವೇನೂ ಇಲ್ಲ. ಎಡಗಡೆಯಿಂದ ಬಂದ ಸದ್ದು ಮೊದಲು ಎಡಗಿವಿಗೆ ಮುಟ್ಟಿ, ತಲೆಯನ್ನು ಸುತ್ತಿಕೊಂಡು ಆಮೇಲೆ ಬಲಗಿವಿಗೆ ಮುಟ್ಟುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಓಡುವುದರಿಂದ ಈ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ತಪ್ಪದೆ ಗುರುತಿಸುತ್ತದೆ. ತಲೆಯ ನೆರಳು ಬಿದ್ದ ಕಿವಿಗೆ ಸದ್ದು ಮಂದವಾಗುತ್ತದೆ. ಕಿವಿಯ ಹಾಲೆಯ ಮಡಿಕೆಗಳು ಮುಂದಿನ ಸದ್ದನ್ನೂ ಹಿಂದಿನ ಸದ್ದನ್ನೂ ಬೇರೆಬೇರೆಯಾಗಿ ತಿದ್ದುತ್ತವೆ. ಆದ್ದರಿಂದ ಬೊಂಬೆಯ ತಲೆಯೊಂದರ ಎರಡು ಕಿವಿಗಳಲ್ಲಿ ಪುಟ್ಟ ಮೈಕುಗಳನ್ನು ಹುದುಗಿಸಿ ದಾಖಲಿಸಿದರೆ, ಹೆಡ್‌ಫೋನಿನಲ್ಲಿ ಕೇಳುವವನ ತಲೆ ಆ ಬೊಂಬೆಯ ತಲೆಯೇ ಆಗಿಬಿಡುತ್ತದೆ. ಬೊಂಬೆಯ ಹಿಂದೆ ಹಾದುಹೋದ ಸೈಕಲ್ಲು ಅವನ ಹಿಂದೆಯೂ ಹಾದುಹೋಗುತ್ತದೆ. ಕಾರ್ಡಿಫ್ ಹಾಗೂ ಆಕೆಯ ಪತಿ ಜಾರ್ಜ್ ಬ್ಯೂರಸ್ ಮಿಲ್ಲರ್ ಈ ಕೌಶಲವನ್ನು ಎಷ್ಟು ಪಳಗಿಸಿದ್ದಾರೆಂದರೆ, ಕೇಳುವವರಿಗೆ ದಾಖಲೆಯ ಬೀದಿ ಎಲ್ಲಿ ಮುಗಿಯಿತು, ನಿಜವಾದ ಬೀದಿ ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದು.

ಕಾರ್ಡಿಫ್‌ಗಿಂತ ಹಿಂದೆಯೂ ಈ ದಾರಿ ತುಳಿದವರಿದ್ದರು. ಅವರಲ್ಲಿ ಹಿರಿಯನೆಂದು ಅಮೆರಿಕದ ಮ್ಯಾಕ್ಸ್ ನ್ಯೂಹೌಸ್‌ನನ್ನು ಹೇಳಬೇಕು. ಈತ ಮೂಲತಃ ತಾಳವಾದ್ಯಗಾರ, ಅದರಲ್ಲಿ ಹೆಸರು ಮಾಡಿದವನು. 1966ರಲ್ಲಿ ತನ್ನ ‘ಕಚೇರಿ’ಗೆ ಬಂದ ಒಂದು ಚಿಕ್ಕ ಗುಂಪಿನವರ ಕೈಮೇಲೆ ‘ಕೇಳು’ ಎಂಬ ರಬ್ಬರ್ ಮೊಹರನ್ನು ಒತ್ತಿ, ಬಾಯಿ ಬಿಡದೆ ನ್ಯೂಯಾರ್ಕಿನ 14ನೆಯ ಬೀದಿಯಲ್ಲಿ ನಡೆದ. ವಿದ್ಯುತ್ ಕೇಂದ್ರದ ಗುಡುಗು, ಮೋಟಾರುಗಳ ಓಟ, ಜನರ ಮಾತು, ಇವೇ ಅಂದಿನ ಸಂಗೀತ. ಬಂದವರಿಗೆ ಇದು ಮೋಸವೆನ್ನಿಸಿರಬಹುದೆಂದು ಓದುಗರು ಊಹಿಸಿದರೆ ತಪ್ಪಲ್ಲ. ಆದರೆ ಈತ ಅದನ್ನು ಹಾಸ್ಯಕ್ಕಾಗಿ ಮಾಡಲಿಲ್ಲ. ಮರುವರ್ಷ ಬಫಲೋ ನಗರದ ಸಾಲುಮರದ ರಸ್ತೆಯೊಂದರ ಉದ್ದಕ್ಕೂ ಅಲ್ಪಶಕ್ತಿಯ ರೇಡಿಯೋ ಪ್ರಸಾರಕಗಳನ್ನು ಹೂಡಿದ. ಆ ದಾರಿಯಲ್ಲಿ ಮೋಟಾರು ಓಡಿಸುವವರು ತಮ್ಮ ರೇಡಿಯೋ ಹಚ್ಚಿದರೆ, ಮುಂದೆ ಸಾಗಿದಂತೆ ಒಂದು ನಾದ ಇನ್ನೊಂದರೊಳಗೆ ಕರಗುತ್ತ ಹೋಗುತ್ತಿತ್ತು. ನಿಧಾನವಾಗಿ ಹೋದವನಿಗೆ ವಿಳಂಬ, ಬೇಗ ಹೋದವನಿಗೆ ದ್ರುತ. ರಾಗದ ಗತಿಯನ್ನು ನಿರ್ಣಯಿಸುವವನು ಕೇಳುಗನೇ! ಇಂದು ಮೊಬೈಲಿನಲ್ಲಿ ಮಾಡುವುದರ ಬೀಜವೆಲ್ಲ ಈ 1967ರ ರಸ್ತೆಯಲ್ಲಿದೆ.

ಬೀಜ ಮರವಾಗಲು ಇನ್ನೊಂದು ಸಹಾಯ ಬೇಕಾಗಿತ್ತು. ಕೇಳುಗ ಎಲ್ಲಿ ನಿಂತಿದ್ದಾನೆಂಬುದು ಯಂತ್ರಕ್ಕೆ ತಿಳಿಯಬೇಕು. ಅದನ್ನು ತಿಳಿಸುವುದು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು. ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತ ತಲಪಿದ ಹೊತ್ತನ್ನು ತೂಗಿನೋಡಿ ಯಂತ್ರ ತನ್ನ ಠಾವನ್ನು ಲೆಕ್ಕ ಹಾಕುತ್ತದೆ. ಸೈನ್ಯಕ್ಕಾಗಿ ಕಟ್ಟಿದ ಈ ಏರ್ಪಾಡಿನಲ್ಲಿ ಸಾಮಾನ್ಯ ಜನರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸಿಡಲಾಗಿತ್ತು. ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ ಆ ಕೆಡುಕನ್ನು ನಿಲ್ಲಿಸಿದಾಗ ತಪ್ಪು ಇಪ್ಪತ್ತು ಮೀಟರಿನ ಸುತ್ತಿಗೆ ಇಳಿಯಿತು. ನೂರು ಮೀಟರೆಂದರೆ ಬೇರೆ ಬೀದಿ. ಇಪ್ಪತ್ತು ಮೀಟರೆಂದರೆ ಅದೇ ಮರದ ನೆರಳು. ಅಂದಿನಿಂದ ನಕ್ಷೆಯ ಮೇಲೆ ಕಣ್ಣಿಗೆ ಕಾಣದ ವೃತ್ತಗಳನ್ನು ಎಳೆದು, ಒಂದೊಂದು ವೃತ್ತದೊಳಗೂ ಒಂದೊಂದು ದನಿಯನ್ನು ಹೂಳಿಡುವುದು ಸುಲಭವಾಯಿತು. ಕಾಲಿಟ್ಟರೆ ದನಿ ಏಳುತ್ತದೆ, ದಾಟಿದರೆ ಅಡಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಸೇತುವೆಯ ಹಾಡು ಅಂಗಡಿಯ ಮುಂದೆ ಕೇಳಿಸುವುದೂ ಉಂಟು. ಅದು ಬೇರೆ ಮಾತು.

ಆ ಸುಧಾರಣೆಗೆ ಮುಂಚೆಯೇ, 1999ರಲ್ಲಿ, ಟೆರಿ ರೂಬ್ ಎಂಬಾಕೆ ಕೆನಡಾದ ಯೋಹೋ ರಾಷ್ಟ್ರೀಯ ಉದ್ಯಾನದ ಬೆಟ್ಟದ ಕಾಲುದಾರಿಗಳಲ್ಲಿ ‘ಕುರುಹು’ ಎಂಬ ಕೃತಿಯನ್ನು ರಚಿಸಿದಳು. ಬರ್ಜೆಸ್ ಶೇಲ್ ಎಂಬ ಜಗತ್ಪ್ರಸಿದ್ಧ ಪಳೆಯುಳಿಕೆಗಳ ಪದರ ಇರುವ ಸ್ಥಳವದು. ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಡಲಜೀವಿಗಳ ಅಚ್ಚು ಅಲ್ಲಿಯ ಕಲ್ಲಿನಲ್ಲಿದೆ. ನಡೆಯುವವರು ಬೆನ್ನಿಗೆ ಗಣಕಯಂತ್ರದ ಚೀಲವನ್ನೂ ಕಿವಿಗೆ ಹೆಡ್‌ಫೋನನ್ನೂ ಹೊತ್ತು ಹತ್ತಬೇಕು. ದಾರಿಯಲ್ಲಿ ಅಲ್ಲಲ್ಲಿ ಅಗಲಿದವರ ನೆನಪಿಗಾಗಿ ರಚಿಸಿದ ಹಾಡುಗಳೂ ಮಾತುಗಳೂ ಕೇಳಿಸುತ್ತವೆ. ಗೋರಿಯಿಲ್ಲ, ಬರಹವಿಲ್ಲ, ಕಲ್ಲು ಮಾತ್ರ ಮೊದಲಿದ್ದಂತೆಯೇ ಇದೆ. ಏದುಸಿರು ಬಿಡುತ್ತ ಆ ತಿರುವಿಗೆ ಬಂದವನಿಗೆ ಮಾತ್ರ ಯಾರೋ ಒಬ್ಬರ ನೆನಪು ಒಂದು ನಿಮಿಷ ಜೊತೆಯಾಗುತ್ತದೆ. ಈ ಕಲೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಬಹುಶಃ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಅನಂತರ ಬಂದ ಮೊಬೈಲು ಚೀಲದ ಹೊರೆಯನ್ನು ಇಳಿಸಿತು. 2011ರಲ್ಲಿ ಬ್ಲೂಬ್ರೇನ್ ಎಂಬ ಹೆಸರಿನ ಇಬ್ಬರು ಸಹೋದರ ಸಂಗೀತಗಾರರು ವಾಷಿಂಗ್‌ಟನ್ನಿನ ನ್ಯಾಷನಲ್ ಮಾಲ್ ಎಂಬ ವಿಶಾಲ ಮೈದಾನಕ್ಕೆಂದೇ ಒಂದು ಸಂಗೀತವನ್ನು ಐಫೋನಿನ ಆ್ಯಪ್ ಆಗಿ ಹೊರತಂದರು. ಆ ಮೈದಾನದ ಹೊರಗೆ ಅದು ಮೂಕ. 2020ರಲ್ಲಿ ಮಹಾಮಾರಿ ಕೋವಿಡ್ಡಿನಿಂದಾಗಿ ನ್ಯೂಯಾರ್ಕಿನ ಸಂಗೀತ ಸಭಾಂಗಣಗಳ ಬಾಗಿಲು ಮುಚ್ಚಿದ್ದಾಗ, ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪಾರಿತೋಷಕ ಪಡೆದಿದ್ದ ಎಲೆನ್ ರೀಡ್ ಎಂಬಾಕೆ ಸೆಂಟ್ರಲ್ ಪಾರ್ಕಿಗಾಗಿ ಇಂಥದೇ ಕೃತಿಯನ್ನು ರಚಿಸಿದಳು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಲಾವಿದರ ವಾದನವೂ ಅದರಲ್ಲಿ ಸೇರಿತು. ವಾದ್ಯವೃಂದಕ್ಕೆ ವೇದಿಕೆಯಿಲ್ಲ, ಶ್ರೋತೃಗಳಿಗೆ ಆಸನವಿಲ್ಲ. 843 ಎಕರೆಯ ಆ ಉದ್ಯಾನದಲ್ಲಿ, ಮೂಗು ಬಾಯಿ ಮುಚ್ಚಿಕೊಂಡು ಒಬ್ಬರಿಗೊಬ್ಬರು ದೂರವಾಗಿ ನಡೆಯುವ ಮಂದಿಗೆ ಕೊಳದ ಬಳಿ ಒಂದು, ಬಂಡೆಯ ಬಳಿ ಒಂದು ಸಂಗೀತ ಬಿಟ್ಟಿಯಾಗಿ ಕೇಳಿಸುತ್ತಿತ್ತು. ಎಡಕ್ಕೆ ತಿರುಗಿದವನು ಕೇಳಿದ್ದನ್ನು ಬಲಕ್ಕೆ ತಿರುಗಿದವನು ಕೇಳಲಿಲ್ಲ. ಟಿಕೆಟಿನ ಬೆಲೆಗೆ ಅಂಜಿ ಸಭಾಂಗಣದ ಮೆಟ್ಟಿಲನ್ನೇ ಹತ್ತದವರೂ ಹೀಗೆ ಆ ವಾದ್ಯವೃಂದವನ್ನು ಕೇಳಬಹುದಾಯಿತು.

ಇಲ್ಲಿಯವರೆಗಿನ ಕೃತಿಗಳಲ್ಲಿ ಕೇಳುಗನು ಕಾಲನ್ನು ಕೊಡುತ್ತಾನೆ, ಮಾತನ್ನು ಕೊಡುವುದಿಲ್ಲ. ಮಾತನ್ನೂ ಪಡೆದ ಪ್ರಯೋಗಗಳುಂಟು. 2003ರಲ್ಲಿ ಕೆನಡಾದ ಟೊರಾಂಟೋ ನಗರದ ಕೆನ್ಸಿಂಗ್‌ಟನ್ ಮಾರ್ಕೆಟ್ ಎಂಬ ಹಳೆಯ ಪೇಟೆಯ ಕಂಬಗಳ ಮೇಲೆ ಕಿವಿಯ ಆಕಾರದ ಹಸಿರು ಫಲಕಗಳು ಕಾಣಿಸಿಕೊಂಡವು. ಫಲಕದಲ್ಲಿ ಒಂದು ದೂರವಾಣಿ ಸಂಖ್ಯೆ, ಜಾಗದ ಗುರುತಿನ ಒಂದು ಅಂಕಿ. ಅಲ್ಲಿಯೇ ನಿಂತು ಮೊಬೈಲಿನಿಂದ ಆ ಸಂಖ್ಯೆಗೆ ಕರೆಮಾಡಿದರೆ, ಅದೇ ಜಾಗದಲ್ಲಿ ತಮಗೆ ನಡೆದದ್ದನ್ನು ಆ ಕೇರಿಯ ಒಬ್ಬರು ತಮ್ಮ ಬಾಯಿಂದಲೇ ಹೇಳುವುದು ಕೇಳಿಸುತ್ತಿತ್ತು. ‘ಮರ್ಮರ್’ ಎಂದು ಈ ಯೋಜನೆಯ ಹೆಸರು, ಪಿಸುಮಾತೆಂದು ಅರ್ಥ. ಎಲೆಗಳ ಮರ್ಮರವನ್ನು ಬಲ್ಲ ಕನ್ನಡ ಕಿವಿಗೆ ಅರ್ಥವನ್ನು ಹೇಳಬೇಕಾಗಿಯೂ ಇಲ್ಲ. ರಾಜರ, ದಳವಾಯಿಗಳ ಪ್ರತಿಮೆ ಎಲ್ಲ ಊರಿನಲ್ಲಿಯೂ ಇರುತ್ತದೆ. ಒಬ್ಬ ಸಾಮಾನ್ಯ ಮನುಷ್ಯನ ನೆನಪಿಗೆ ಬೀದಿಯಲ್ಲಿ ಒಂದು ಗುರುತು ದೊರೆತದ್ದು ವಿಶೇಷ.

ಇನ್ನೊಂದು ಹೆಜ್ಜೆ ಮುಂದೆ ಹೋದವರು ಇಂಗ್ಲೆಂಡಿನ ಬ್ಲಾಸ್ಟ್ ಥಿಯರಿ ಎಂಬ ತಂಡದವರು. 2007ರ ಅಕ್ಟೋಬರಿನಲ್ಲಿ ಅವರು ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಿಂದ ಜನರನ್ನು ರಾತ್ರಿಯಲ್ಲಿ ಒಬ್ಬೊಬ್ಬರಾಗಿ ಸೈಕಲ್ಲಿನ ಮೇಲೆ ಕಳುಹಿಸಿದರು. ಹ್ಯಾಂಡಲಿಗೆ ಒಂದು ಪುಟ್ಟ ಗಣಕಯಂತ್ರ. ಕಿವಿಯಲ್ಲಿ ಒಂದು ದನಿ ಆಪ್ತವಾದ ಪ್ರಶ್ನೆಯೊಂದನ್ನು ಕೇಳಿ, ಅದಕ್ಕೆ ಉತ್ತರ ಹೇಳಲು ತಕ್ಕ ಏಕಾಂತದ ಜಾಗವನ್ನು ಹುಡುಕೆನ್ನುತ್ತದೆ. ಸವಾರ ಯಾವುದೋ ಓಣಿಯ ಕೊನೆಗೆ ಹೋಗಿ, ಸೈಕಲ್ಲು ನಿಲ್ಲಿಸಿ, ಕತ್ತಲೆಯಲ್ಲಿ ತನ್ನ ಮಾತನ್ನು ಹೇಳಿ ಬರುತ್ತಾನೆ. ಆ ಮಾತನ್ನು ಕೇಳಬೇಕಾದರೆ ಇನ್ನೊಬ್ಬ ಸವಾರನು ಅದೇ ಓಣಿಯ ಅದೇ ಮೂಲೆಯನ್ನು ತಾನಾಗಿ ಕಂಡುಕೊಳ್ಳಬೇಕು. ಎದುರುಬದುರಾಗಿ ಕುಳಿತು ಹೇಳಲಾಗದ್ದನ್ನು ಮುಖ ಕಾಣದವರಿಗೆ ಹೇಳುವುದು ಮನುಷ್ಯನಿಗೆ ಹಗುರ. ರೈಲಿನಲ್ಲಿ ರಾತ್ರಿ ಜೊತೆಗೆ ಕುಳಿತವರಿಗೆ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡು ಬೆಳಗ್ಗೆ ಹೆಸರನ್ನೂ ಕೇಳದೆ ಇಳಿದುಹೋದವರು ಇದನ್ನು ಬಲ್ಲರು.

ಒಂಟಿಯಾಗಿ ಕೇಳುವುದು ಬೇಸರವೆನ್ನುವವರಿಗೆ ಗುಂಪಿನ ಬಗೆಯೂ ಇದೆ. 1992ರ ಡಿಸೆಂಬರಿನಲ್ಲಿ ಫಿಲ್ ಕ್ಲೈನ್ ಎಂಬ ಸಂಗೀತ ರಚನಕಾರ ನಾಲ್ಕು ಭಾಗಗಳಾಗಿ ಒಂದು ಕೃತಿಯನ್ನು ಬರೆದು, ನಾಲ್ಕನ್ನೂ ಬೇರೆಬೇರೆ ಕ್ಯಾಸೆಟ್ಟುಗಳಲ್ಲಿ ತುಂಬಿ, ಟೇಪ್ ರೆಕಾರ್ಡರ್ ಹಿಡಿದು ಬಂದ ಗೆಳೆಯರಿಗೆ ಹಂಚಿದ. ಎಲ್ಲರೂ ಒಟ್ಟಿಗೆ ಗುಂಡಿಯೊತ್ತಿ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜಿನ ಬೀದಿಗಳಲ್ಲಿ ನಡೆದರು. ಒಂದು ಯಂತ್ರದ ಓಟ ಇನ್ನೊಂದರಂತಿರದು. ತುಸು ಹಿಂದೆ, ತುಸು ಮುಂದೆ. ಆ ತಪ್ಪಿನಿಂದಲೇ ಬೀದಿಯ ತುಂಬ ಗಂಟೆಗಳು ಅಲೆಯಲೆಯಾಗಿ ಮೊಳಗಿದಂತೆ ಕೇಳಿಸಿತು. ಮುಕ್ಕಾಲು ಗಂಟೆ, ಎಂದರೆ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವವರೆಗೆ ಮೆರವಣಿಗೆ. ವರ್ಷವರ್ಷವೂ ಅದು ನಡೆದು, ಬೇರೆ ಊರುಗಳಿಗೂ ಹಬ್ಬಿತು. ಕ್ಯಾಸೆಟ್ಟು ಹೋಗಿ ಮೊಬೈಲು ಬಂದಿತು. ದೊಡ್ಡ ಟೇಪ್ ರೆಕಾರ್ಡರನ್ನು ಹೆಗಲ ಮೇಲೆ ಹೊತ್ತು ಬರುವವರನ್ನು ಕಂಡರೆ ಮೆರವಣಿಗೆಯವರಿಗೆ ಈಗಲೂ ಸಂತೋಷವೆನ್ನುವುದಕ್ಕೆ ಕಾರಣ ಸರಳ: ಮೊಬೈಲಿನ ಗಂಟಲು ಚಿಕ್ಕದು.

ಆ ಚಿಕ್ಕ ಗಂಟಲನ್ನೂ ಒಬ್ಬ ಹಾಡಿಸಿದ. 2001ರ ಸೆಪ್ಟೆಂಬರ್ 2ರಂದು ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ಗೋಲನ್ ಲೆವಿನ್ ಮತ್ತು ಅವನ ಸಂಗಡಿಗರು ಏರ್ಪಡಿಸಿದ ಕಚೇರಿಯಲ್ಲಿ ವಾದ್ಯವೆಂದರೆ ಸಭಿಕರ ಮೊಬೈಲುಗಳೇ. 200 ಮಂದಿ ತಮ್ಮ ಸಂಖ್ಯೆಯನ್ನು ಮೊದಲೇ ಬರೆಸಿ, ಹೊಸ ಕರೆಗಂಟೆಯ ಸ್ವರವನ್ನು ತುಂಬಿಸಿಕೊಂಡು, ಗೊತ್ತುಮಾಡಿದ ಆಸನದಲ್ಲಿ ಕುಳಿತರು. ವೇದಿಕೆಯಿಂದ ಗಣಕಯಂತ್ರ ಆ ಫೋನುಗಳಿಗೆ ಕರೆಮಾಡುತ್ತ ಹೋದಂತೆ ಸ್ವರಗಳು ಒಂದು ಸಾಲಿನಿಂದ ಇನ್ನೊಂದಕ್ಕೆ ಗಾಳಿಯಂತೆ ಸರಿದವು. ಸಂಗೀತ ಸಭೆಯಲ್ಲಿ ಮೊಬೈಲು ಬಾರಿಸಿದರೆ ಮುಂದಿನ ಸಾಲಿನವರೆಲ್ಲ ತಿರುಗಿ ಕೆಂಗಣ್ಣು ಬಿಡುವುದು ವಾಡಿಕೆ. ಅಂದು ಬಾರಿಸದೆ ಹೋದವನೇ ನಾಚಬೇಕಾಯಿತು.

ಇವೆಲ್ಲ ವಿನೋದದ ಮಾತು. ದನಿ ಮತ್ತು ಜಾಗದ ನಂಟು ಎಷ್ಟು ಭಾರವಾಗಬಲ್ಲುದೆಂಬುದಕ್ಕೆ ಜರ್ಮನಿಯ ಕಾಸೆಲ್ ನಗರದ ಹಳೆಯ ರೈಲು ನಿಲ್ದಾಣ ಸಾಕ್ಷಿ. ಐದು ವರ್ಷಗಳಿಗೊಮ್ಮೆ ಅಲ್ಲಿ ನಡೆಯುವ ಡಾಕ್ಯುಮೆಂಟಾ ಕಲಾಪ್ರದರ್ಶನಕ್ಕಾಗಿ 2012ರಲ್ಲಿ ಕಾರ್ಡಿಫ್ ಮತ್ತು ಮಿಲ್ಲರ್ 26 ನಿಮಿಷದ ನಡಿಗೆಯೊಂದನ್ನು ರಚಿಸಿದರು. ಈ ಸಲ ಕೈಯಲ್ಲಿ ಐಪಾಡ್. ಅದರ ಪುಟ್ಟ ಪರದೆಯ ಮೇಲೆ ಅದೇ ನಿಲ್ದಾಣ, ಆದರೆ ಹಿಂದೆ ಯಾವಾಗಲೋ ಚಿತ್ರಿಸಿದ್ದು. ನೋಡುವವನು ಪರದೆಯ ಕಂಬವನ್ನು ಎದುರಿನ ಕಂಬಕ್ಕೆ ಸರಿಹೊಂದಿಸಿ ಹಿಡಿಯುತ್ತ ನಡೆಯಬೇಕು. ಪರದೆಯಲ್ಲಿ ವಾದ್ಯದವರು ಊದುತ್ತ ಬರುತ್ತಾರೆ; ಕಿವಿಯಲ್ಲಿ ಆ ಊದು ಹತ್ತಿರವಾಗುತ್ತದೆ; ಕಣ್ಣೆತ್ತಿದರೆ ನಿಲ್ದಾಣ ಬರಿದು. ದನಿ ಅವನನ್ನು ಪ್ಲಾಟ್‌ಫಾರಮ್ಮಿಗೆ ಕರೆದೊಯ್ಯುತ್ತದೆ. 1941 ಮತ್ತು 1942ರಲ್ಲಿ ಯೆಹೂದ್ಯ ಕುಟುಂಬಗಳನ್ನು ಹೆಂಗಸು ಮಕ್ಕಳೆನ್ನದೆ ಈ ನಿಲ್ದಾಣದಿಂದಲೇ ರೈಲಿಗೆ ತುಂಬಿ ಸಾವಿನ ಕಡೆಗೆ ಕಳುಹಿಸಲಾಯಿತು. ಪುಸ್ತಕದಲ್ಲಿ ಓದಿದವರಿಗೆ ಇದು ಹೊಸದಲ್ಲ. ಆದರೆ ಅದೇ ಹಳಿಯ ಪಕ್ಕದಲ್ಲಿ, ಚಹಾ ಕುಡಿದು ಹಗುರಾಗಿ ಹೊರಟ ಒಬ್ಬ ಪ್ರವಾಸಿಯ ಕಿವಿಯಲ್ಲಿ, ಮೆಲ್ಲಗೆ ಅದನ್ನು ಹೇಳಿದಾಗ ಕಾಲು ನಿಂತುಬಿಡುತ್ತದೆ.

ಈ ಕಲೆಗೆ ದೂರುಗಳೂ ಇಲ್ಲದಿಲ್ಲ. ಹಿಂದಿನಿಂದ ಬರುವ ಮೋಟಾರು ದಾಖಲೆಯದೋ ನಿಜದ್ದೋ ತಿಳಿಯದವನು ರಸ್ತೆ ದಾಟುವುದು ಅಪಾಯವಲ್ಲವೇ? ಅಪಾಯವೇ. ನಡೆಯಲಾರದವರಿಗೆ, ಕಿವಿ ಮಂದವಾದವರಿಗೆ ಇದರಲ್ಲಿ ಪಾಲೇನು? ಕಡಿಮೆ. ಕೇಳುಗ ಎಲ್ಲಿ ನಿಂತಿದ್ದಾನೆಂದು ಮೊಬೈಲಿಗೆ ಕ್ಷಣಕ್ಷಣಕ್ಕೂ ತಿಳಿದಿರಬೇಕಾದರೆ, ಆ ಮಾಹಿತಿ ಇನ್ನಾರ ಕೈಗೆ ಸೇರುತ್ತದೆಂಬ ಅಂಜಿಕೆಯೂ ಸುಳ್ಳಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಇವುಗಳ ಅಲ್ಪಾಯುಷ್ಯ. ಬೇಲೂರಿನ ಶಿಲ್ಪಿಗೆ ಕಲ್ಲನ್ನಷ್ಟೇ ನಂಬಿದರೆ ಸಾಕಾಗಿತ್ತು. ಆ್ಯಪ್ ರಚಿಸಿದವನು ಉಪಗ್ರಹವನ್ನು, ಫೋನಿನ ಕಂಪನಿಯನ್ನು, ಆ ಕಂಪನಿ ವರ್ಷವರ್ಷವೂ ಬದಲಿಸುವ ಕಟ್ಟಳೆಗಳನ್ನು ನಂಬಬೇಕು. 2017ರಲ್ಲಿ ಐಫೋನಿನ ಹೊಸ ವ್ಯವಸ್ಥೆ ಬಂದಾಗ, ಹಳೆಯ ಬಗೆಯಲ್ಲಿ ಬರೆದಿದ್ದು ಮತ್ತೆ ತಿದ್ದಿ ಬರೆಯದ ಆ್ಯಪ್‌ಗಳೆಲ್ಲ ಅದರಲ್ಲಿ ಒಂದೇ ಸಲ ಮೂಕವಾದವು. ಉದ್ಯಾನ ಅಲ್ಲಿಯೇ ಇದ್ದರೂ ಅದಕ್ಕೆ ಹೆಣೆದ ನಾದ ಇಲ್ಲದಂತಾಗಲು ಅಷ್ಟು ಸಾಕು.

ವೈಟ್‌ಚಾಪೆಲ್ಲಿನಲ್ಲಿ ಆದದ್ದು ಇದರ ತಿರುವುಮುರುವು. ಅಲ್ಲಿ ದನಿ ಉಳಿಯಿತು, ಜಾಗ ಹೋಯಿತು. ಹಳೆಯ ಪುಸ್ತಕಾಲಯವನ್ನು 2005ರಲ್ಲಿ ಮುಚ್ಚಲಾಯಿತು. ಪಕ್ಕದ ಚಿತ್ರಶಾಲೆ ಆ ಕಟ್ಟಡವನ್ನು ತನ್ನೊಳಗೆ ಸೇರಿಸಿಕೊಂಡು 2009ರಲ್ಲಿ ಹಿಗ್ಗಿ ತೆರೆಯಿತು. ಕಪಾಟುಗಳಿಲ್ಲ, ಪತ್ತೇದಾರಿ ಕಾದಂಬರಿಗಳಿಲ್ಲ, ಮೇಜಿನ ಮೇಲೆ ವೃತ್ತಪತ್ರಿಕೆ ಹರಡಿಕೊಂಡು ಕೂರುತ್ತಿದ್ದ ಮುದುಕರಿಲ್ಲ. ಕಾರ್ಡಿಫ್ ದಾಖಲಿಸಿದ ದನಿ ಮಾತ್ರ ಇಂದೂ ಬಯಸಿದವರಿಗೆ ದೊರೆಯುತ್ತದೆ. ಅದನ್ನು ಮೊಬೈಲಿಗೆ ಇಳಿಸಿಕೊಂಡು ಆ ಕಟ್ಟಡದ ಬಳಿಗೆ ಹೋಗಿ ನಿಲ್ಲಬಹುದು. ಗುಂಡಿಯೊತ್ತಿದರೆ ಹಾಳೆ ಮಗುಚಿದ ಸದ್ದು ಕೇಳಿಸುತ್ತದೆ. ಮಗ್ಗುಲಲ್ಲಿ ಯಾರೋ ಒಬ್ಬರು ಇಲ್ಲದ ಕಪಾಟಿನಿಂದ ಪುಸ್ತಕವೊಂದನ್ನು ತೆಗೆದು, ಎರಡು ಪುಟ ಓದಿ, ಮತ್ತೆ ಅಲ್ಲಿಯೇ ಇಡುತ್ತಾರೆ.